ರೊಟ್ಟಿ ಗಂಟಿಗೆ ಕಾಯ್ದೆ ಏನು ಹೇಳುತ್ತದೆ

ಆ ವಯಸ್ಸಿನಲ್ಲಿ ನನಗೆ ಕಾಯ್ದೆಯೆಂದರೆ ಪ್ರಾಣ. ಈಗ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೆ ಹೇಳದೆ ವಿಧಿಯಿಲ್ಲ. ಬೀದರಿನ ಮೋಟಾರು ಅಡ್ಡೆಯಲ್ಲಿ, ಅಂದರೆ ಬಸ್ ನಿಲ್ದಾಣದಲ್ಲಿ, ನಾನು ಕಾರಕೂನನಾಗಿದ್ದೆ. ಟಿಕೆಟು ಹರಿಯುವವರು ಬೇರೆ, ಮೋಟಾರು ನಡೆಸುವವರು ಬೇರೆ. ನನ್ನ ಪಾಲಿಗೆ ಬಂದದ್ದು ಜನ ಮೋಟಾರಿನಲ್ಲಿ ಮರೆತು ಹೋದ ಸಾಮಾನು. ನಿಜಾಮರ ದಫ್ತರಗಳಲ್ಲಿ ಎಲ್ಲವೂ ಉರ್ದು, ಹೀಗಾಗಿ ಅದಕ್ಕೆ ಲಾವಾರಿಸ್ ಸಾಮಾನು ಎನ್ನುತ್ತಿದ್ದರು, ಅಂದರೆ ವಾರಸುದಾರರಿಲ್ಲದ್ದು. ಒಂದು ಕಬ್ಬಿಣದ ಕಪಾಟು, ಒಂದು ದಪ್ಪ ಕಿತಾಬು, ಒಬ್ಬ ನಾನು. ಇಷ್ಟೇ ನಮ್ಮ ಇಲಾಖೆ.

ಕಿತಾಬಿನ ಮೊದಲ ಹಾಳೆಗಳಲ್ಲಿ ಕಾಯ್ದೆ ಬರೆದಿತ್ತು. ನನಗದು ಬಾಯಿಪಾಠ. ಕಂಡಕ್ಟರು ಸೀಟಿನ ಮೇಲೆ ಕೆಳಗೆ ಹುಡುಕಬೇಕಾದದ್ದು ಮೋಟಾರು ಕೊನೆಯ ಊರು ಮುಟ್ಟಿದ ಮೇಲೆ, ನಡುದಾರಿಯಲ್ಲಲ್ಲ. ಸಿಕ್ಕ ಗಂಟನ್ನು ಇಬ್ಬರ ಎದುರು ಬಿಚ್ಚಿ, ಒಳಗಿದ್ದದ್ದನ್ನು ಬರೆದುಕೊಳ್ಳಬೇಕು. ಬೇಯಿಸಿದ ಅಡಿಗೆಯಿದ್ದರೆ ರಾತ್ರಿ ಇಟ್ಟುಕೊಳ್ಳುವಂತಿಲ್ಲ, ಹೊತ್ತು ಮುಳುಗುವುದರೊಳಗೆ ಬಡವರ ಕೈಗೆ ಹಾಕಬೇಕು. ಕಳೆದುಕೊಂಡವರು ಗುರುತು ಹೇಳದೆ ಏನನ್ನೂ ಕೊಡಬಾರದು. ಒಬ್ಬ ಮುದುಕನ ಕೆರಗಳು ಕಪಾಟಿನಲ್ಲಿ ಎದುರಿಗೇ ಕಾಣುತ್ತಿದ್ದವು. "ಅವೇ ನೋಡ್ರಿ ನನ್ನವು" ಎಂದು ಅವನು ಬೆರಳು ಮಾಡಿ ತೋರಿಸಿದರೂ ನಾನು ಬಿಡಲಿಲ್ಲ. ಯಾವ ಬಣ್ಣದ ದಾರದಿಂದ ಹೊಲಿದದ್ದು ಮೊದಲು ಹೇಳು ಅಂದೆ. "ಕೆರ ಕಾಲಾಗ ಹಾಕ್ಕೋತಾರೋ, ಕೂತು ಓದ್ತಾರೋ?" ಎಂದು ಬೈದು, ಅವನು ಬರಿಗಾಲಲ್ಲೇ ಹೊರಟುಹೋದ.

ಔರಾದದ ಅಡ್ಡೆಯ ಕಾರಕೂನ ಮೆತ್ತನೆಯ ಮನುಷ್ಯ. ಒಮ್ಮೆ ಯಾರದೋ ಹೋಳಿಗೆ ಗಂಟನ್ನು, ಪಾಪ ನಾಳೆ ಬಂದಾರು ಎಂದು ಮೂರು ದಿನ ಇಟ್ಟುಕೊಂಡು ಕಪಾಟಿನ ತುಂಬ ಇರುವೆ ಮಾಡಿಕೊಂಡಿದ್ದ. ನಾನು ಅವನ ಮೇಲೆ ಮೇಲಿನವರಿಗೆ ಬರೆದು ಚೆನ್ನಾಗಿ ಬೈಸಿದೆ. ಅಂದಿನಿಂದ ಅವನು ಅಡಿಗೆಯ ವಾಸನೆ ಬಂದ ಗಂಟನ್ನು ಬಿಚ್ಚಿ ನೋಡುತ್ತಲೂ ಇರಲಿಲ್ಲ, ಹಾಗೇ ಎತ್ತಿ ಯಾರಿಗಾದರೂ ಕೊಟ್ಟುಬಿಡುತ್ತಿದ್ದ. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ, ಈಗ ದಾರಿಗೆ ಬಂದ ಮಗ ಎಂದು ಬೀಗಿದ್ದೆ.

ಪೊಲೀಸ್ ಆ್ಯಕ್ಷನ್ ಆದ ವರ್ಷ ನನ್ನ ಕಪಾಟು ತುಂಬಿ ನೆಲದ ಮೇಲೂ ಸಾಮಾನು ಬಿತ್ತು. ಅದಕ್ಕೆ ಮೊದಲು ರಜಾಕಾರರ ಹೆದರಿಕೆಗೆ ನಮ್ಮವರು ಊರು ಬಿಟ್ಟು ಓಡಿದ್ದರು. ಮಿಲಿಟರಿ ಬಂದ ಮೇಲೆ ಸಾಬರು ಓಡಿದರು, ಓಡಲಾಗದವರು ಸತ್ತರು. ಟ್ರಂಕು, ಬುರ್ಖಾ, ಹಾಸಿಗೆ ಸುರುಳಿ, ಕೂಸಿನ ಒಂದೇ ಒಂದು ಬೂಟು. ಕೇಳಲು ಯಾರೂ ಬರಲಿಲ್ಲ. ನಾನು ಎಲ್ಲವನ್ನೂ ಸುಂದರವಾದ ಅಕ್ಷರದಲ್ಲಿ ಬರೆದಿಟ್ಟೆ.

ನಮ್ಮ ಮನೆ ಚಿದ್ರಿಯಲ್ಲಿ. ಅವ್ವನ ತವರು ಭಾಲ್ಕಿ ಕಡೆಯ ಮೆಹಕರ. ಆ ಸಂಕ್ರಾಂತಿಗೆ ಅವ್ವ ತವರಿಗೆ ಹೋಗಿದ್ದಳು. ಬೇಡ, ದಾರಿ ಇನ್ನೂ ಸರಿಯಾಗಿಲ್ಲ ಎಂದರೂ ಕೇಳಲಿಲ್ಲ. "ತವರಮನಿ ಸಜ್ಜಿ ರೊಟ್ಟಿ ತಿನಲಾರದ ನನಗ ಸಂಕ್ರಾಂತಿ ಹ್ಯಾಂಗ ಆಗ್ತದೋ?" ಅಂದಳು. ಅವಳು ಹಾಗೇ. ಒಂದು ಸಲ ಬಾಯಿಂದ ಬಿತ್ತೆಂದರೆ ಮುಗಿಯಿತು.

ಒಂದು ಮಾತನ್ನು ಇಲ್ಲೇ ಹೇಳಬೇಕು. ನಮ್ಮಲ್ಲಿ ಕೂಸು ಹುಟ್ಟಿದ ಕೆಲವೇ ದಿನಕ್ಕೆ ಮಠದ ಅಯ್ಯನವರು ಬಂದು ಕೊರಳಿಗೆ ಲಿಂಗ ಕಟ್ಟುತ್ತಾರೆ. ಅದು ಸಾಯುವವರೆಗೂ ಮೈಮೇಲೆ ಇರಬೇಕು. ಅಕಸ್ಮಾತ್ ಕಳೆದರೆ, ಮತ್ತೆ ಅಂಗೈ ಮೇಲೆ ಬರುವವರೆಗೆ ಅನ್ನ ನೀರು ಮುಟ್ಟಬಾರದು. ಎಲ್ಲರೂ ಈ ನೇಮವನ್ನು ಅಷ್ಟು ಬಿಗಿಯಾಗಿ ಹಿಡಿಯುವುದಿಲ್ಲ, ನಾನಂತೂ ಹಿಡಿದವನಲ್ಲ. ಅವ್ವ ಹಿಡಿದಿದ್ದಳು. ರಜಾಕಾರರ ದಿನಗಳಲ್ಲಿ, ಬೆಳ್ಳಿ ಕಂಡರೆ ಕೊರಳಿಗೇ ಕೈ ಹಾಕುತ್ತಾರೆಂದು, ಲಿಂಗ ಇಡುವ ಬೆಳ್ಳಿಯ ಗುಂಡಗಡಿಗೆಯನ್ನು ಒಲೆಯ ಹಿಂದೆ ಹೂಳಿ, ಲಿಂಗವನ್ನು ಬಿಳಿ ಅರಿವೆಯಲ್ಲಿ ಸುತ್ತಿ ಕೊರಳಿಗೆ ಕಟ್ಟಿಕೊಂಡಿದ್ದಳು. ರಜಾಕಾರರು ಹೋದರೂ ಆ ಹೆದರಿಕೆ ಅವಳ ಮೈಯಿಂದ ಹೋಗಿರಲಿಲ್ಲ.

ಅವ್ವ ತಿರುಗಿ ಬರುವ ದಿನ ಮಧ್ಯಾಹ್ನ ಭಾಲ್ಕಿಯ ಮೋಟಾರು ಅಡ್ಡೆಗೆ ಬಂತು. ಅದು ಅರ್ಧ ಗಂಟೆ ನಿಂತು ಮುಂದೆ ಔರಾದಕ್ಕೆ ಹೋಗುವ ಮೋಟಾರು. ನೌಬಾದದ ಹತ್ತಿರ ಮಿಲಿಟರಿಯವರು ಎಲ್ಲರನ್ನೂ ಇಳಿಸಿ ತಪಾಸಣೆ ಮಾಡಿದ್ದರಿಂದ ತಡವಾಗಿತ್ತು, ಅರ್ಧ ಜನ ಅಲ್ಲಿಂದಲೇ ನಡೆದು ಹೋಗಿದ್ದರು. ಅವ್ವ ಇಳಿಯಲಿಲ್ಲ. ನಾಳೆ ಬಂದಾಳು ಎಂದುಕೊಂಡು ನಾನು ಬರೆಯುತ್ತಾ ಕೂತೆ. ಕಂಡಕ್ಟರು ಮೋಟಾರಿನ ಬಾಗಿಲಲ್ಲೇ ನಿಂತು ಕೂಗಿದ.

"ಸಾಹೇಬ್ರ, ಕೆಂಪ ಅಂಚಿನ ಟಾವೆಲ್ಲಿನ ಗಂಟೊಂದು ಉಳದದ ನೋಡ್ರಿ. ಸಜ್ಜಿ ರೊಟ್ಟಿ ಘಮ್ ಅನ್ಲತ್ತಾವ. ಇಲ್ಲೇ ಕೊಟ್ಟ್ ಹೋಗ್ಲೇನು?"

ನಾನು ತಲೆ ಎತ್ತಲಿಲ್ಲ. "ಮೋಟಾರ ಎಲ್ಲಿ ನಿಲ್ತದೋ ಅಲ್ಲಿ ಕೊಡಬೇಕು. ಔರಾದಕ್ಕ ಒಯ್ಯಿ. ಕಾಯ್ದಾ ಗೊತ್ತಿಲ್ಲೇನು ನಿನಗ?"

"ಅಲ್ರಿ, ಇಳದವರು ಇಲ್ಲೇ ಬಂದು ಕೇಳ್ತಾರಲ್ಲ?"

"ಒಯ್ಯಿ ಅಂದೆ."

ಒಯ್ದ.

ಸಂಜೆ ಮನೆಗೆ ಹೋದರೆ ಅವ್ವ ನಡುಮನೆಯಲ್ಲಿ ಗೋಡೆಗೆ ಆತು ಕೂತಿದ್ದಳು. ಮುಂದೆ ತುಂಬಿದ ತಂಬಿಗೆ ಹಾಗೇ ಇತ್ತು. "ಬಂದಾಗಿನಿಂದ ಅತ್ತಿ ನೀರ ಸೈತ ಮುಟ್ಟವಲ್ರು" ಎಂದಳು ನನ್ನ ಹೆಂಡತಿ. ಅವಳ ಕಣ್ಣು ಆಗಲೇ ಕೆಂಪಾಗಿದ್ದವು.

"ಲಿಂಗ ಮೋಟಾರದಾಗ ಉಳಿತಪ್ಪ" ಎಂದಳು ಅವ್ವ.

ನೌಬಾದದಲ್ಲಿ ಮೋಟಾರು ನಿಂತಾಗ, ಮೈ ತಡವಿ ನೋಡುತ್ತಾರೆ ಎಂದು ಯಾರೋ ಅಂದರಂತೆ. ಅವ್ವ ಹೆದರಿ, ಕೊರಳಿನ ಲಿಂಗ ಬಿಚ್ಚಿ ರೊಟ್ಟಿಗಳ ನಡುವೆ ಇಟ್ಟು ಗಂಟು ಕಟ್ಟಿದಳಂತೆ. ಅವರು ಹೆಂಗಸರ ಹತ್ತಿರವೂ ಬರಲಿಲ್ಲ. ಆದರೆ ಬಂದೂಕು ನೋಡಿದ ಅವಳಿಗೆ ಮತ್ತೆ ಆ ಮೋಟಾರು ಹತ್ತುವ ಧೈರ್ಯವಾಗಲಿಲ್ಲ. ಚಿದ್ರಿ ಕಡೆಗೆ ಹೊರಟ ಗುರುತಿನವರ ಬಂಡಿ ಕಂಡದ್ದೇ ಓಡಿ ಹತ್ತಿದ್ದಾಳೆ. ಮನೆ ಬಾಗಿಲಲ್ಲಿ ಇಳಿದು ಎದೆಯ ಮೇಲೆ ಕೈಯಿಟ್ಟುಕೊಂಡಾಗಲೇ ನೆನಪಾದದ್ದು.

"ರೊಟ್ಟಿ ಗಂಟಿನ್ಯಾಗ ಯಾಕ ಇಟ್ಟಿ ನಮ್ಮವ್ವ?" ಎಂದು ಕೂಗಿದೆ.

"ಎಂಥಾ ಸಿಪಾಯಿ ಇದ್ರೂ ಮಂದಿ ಉಣ್ಣೋ ರೊಟ್ಟ್ಯಾಗ ಕೈ ಹಾಕಂಗಿಲ್ಲ ಅಂತ ಇಟ್ಟೆ." ಆಮೇಲೆ ನನ್ನ ಮುಖ ನೋಡಿದಳು. "ಆ ಮೋಟಾರ ನಿನ್ನ ಅಡ್ಡೆದಾಗ ನಿಂತಿರ್ತದಲ್ಲ. ಕೆಂಪ ಅಂಚಿನ ಟಾವೆಲ್ ನೀ ನೋಡ್ಲಿಲ್ಲೇನು?"

ನಾನು ಟೋಪಿ ತೆಗೆದು ಗೂಟಕ್ಕೆ ಹಾಕಿದೆ. "ಇಲ್ಲವ್ವ" ಎಂದೆ.

ಮರುದಿನ ಔರಾದಕ್ಕೆ ಮೋಟಾರು ಇರಲಿಲ್ಲ. ಇದ್ದೊಂದನ್ನು ಮಿಲಿಟರಿಯವರು ಸಾಮಾನು ಸಾಗಿಸಲು ತೆಗೆದುಕೊಂಡು ಹೋಗಿದ್ದರು. ಬಂಡಿಯವರನ್ನು ಕೇಳಿದೆ, ಕಾಲು ಹಿಡಿಯುವುದೊಂದು ಬಾಕಿ. ಪರವಾನಗಿ ಚೀಟಿ ಇಲ್ಲದೆ ಚೌಕಿ ದಾಟಲು ಬಿಡುವುದಿಲ್ಲ, ನಾವು ಬರುವುದಿಲ್ಲ ಅಂದರು. ಚೀಟಿ ಕೊಡಬೇಕಾದವರು ನಮ್ಮ ಹೊಸ ಸಾಹೇಬರು. ಅವರು ಮದ್ರಾಸಿನ ಕಡೆಯಿಂದ ಬಂದವರು. ಅವರಿಗೆ ನಮ್ಮ ಭಾಷೆ ಬಾರದು, ನನಗೆ ಅವರ ಇಂಗ್ಲಿಷು ಬಾರದು. ಮುರುಕು ಹಿಂದಿಯಲ್ಲಿ ಮಾತು ನಡೆಯಿತು. ಏನು ಕಳೆದದ್ದು ಎಂದು ಕೇಳಿದರು. ಲಿಂಗ ಎಂದೆ, ಅವರಿಗೆ ತಿಳಿಯಲಿಲ್ಲ. ದೇವರು ಎಂದೆ, ಗುಡಿಯಿಂದ ಕಳವಾಯಿತೇ ಎಂದು ಕೇಳಿದರು. ಕೊನೆಗೆ ಎರಡು ಬೆರಳಿನಿಂದ ಗಾತ್ರ ತೋರಿಸಿ, ಕಪ್ಪು ಕಲ್ಲು ಎಂದೆ.

"ಒಂದು ಕಲ್ಲಿಗಾಗಿ ಔರಾದಕ್ಕೆ ಹೋಗುತ್ತೀಯಾ?" ಸಾಹೇಬರು ಕೆಟ್ಟವರಲ್ಲ, ನಿಜವಾಗಿಯೂ ಆಶ್ಚರ್ಯದಿಂದ ಕೇಳಿದರು. "ಕಳೆದುಕೊಂಡವರು ಅರ್ಜಿ ಕೊಟ್ಟಿದ್ದಾರೆಯೇ? ಅವರೇ ಬರಬೇಕಲ್ಲ, ನಿಮ್ಮ ಕಾಯ್ದೆಯಲ್ಲಿ?"

ಹೌದು, ನಮ್ಮ ಕಾಯ್ದೆಯಲ್ಲಿ ಹಾಗೇ ಇತ್ತು. ಮಾಡಿದ್ದುಣ್ಣೋ ಮಹರಾಯ. ನಾನು ಆ ದಫ್ತರದಲ್ಲಿ, ಜವಾನರೆಲ್ಲ ನೋಡುತ್ತಿದ್ದಂತೆ, ಕೂಸಿನ ಹಾಗೆ ಅತ್ತೆ. ನಾಳೆ ಮೋಟಾರು ಹೊರಡುತ್ತದೆ, ನೋಡೋಣ ಎಂದು ಸಾಹೇಬರು ಬೇರೆ ಕಡೆಗೆ ಮುಖ ಮಾಡಿದರು.

ಮನೆಗೆ ಬಂದರೆ ಅಯ್ಯನವರು ಬಂದು ಕೂತಿದ್ದರು. ನನ್ನ ಹೆಂಡತಿಯೇ ಹೇಳಿಕಳಿಸಿದ್ದಳು. ಹೊಸ ಲಿಂಗ ತಂದಿದ್ದರು, ವಿಭೂತಿ ತಂದಿದ್ದರು. ಶಾಸ್ತ್ರದಲ್ಲಿ ಇದಕ್ಕೆ ದಾರಿಯಿದೆ, ಗುರು ಕೊಟ್ಟದ್ದೇ ಲಿಂಗ ಎಂದು ಎಷ್ಟೋ ಹೇಳಿದರು. ಅವ್ವನ ತುಟಿ ಅಷ್ಟರಲ್ಲಿ ಒಣಗಿ ಸೀಳಿದ್ದವು.

"ಅಯ್ಯನವರ, ಕೂಸು ಕಳದಾಕಿಗಿ ಬ್ಯಾರೆಯವರ ಕೂಸ ತಂದು ಉಡ್ಯಾಗ ಹಾಕಿ, ಇಷ್ಟಕ್ಕ ಸುಮ್ನಾಗು ಅಂತೀರೇನ್ರಿ?" ಎಂದಳು.

ಅಯ್ಯನವರು ತಂದದ್ದನ್ನು ಮತ್ತೆ ಕಟ್ಟಿಕೊಂಡರು. ಹೋಗುವಾಗ ನನ್ನನ್ನು ಹೊರಗೆ ಕರೆದು, "ನಾಳಿ ಸಂಜಿತನ ನೋಡ್ರಿ. ಅದರ ಮುಂದ ನನಗ ಧೈರ್ಯ ಇಲ್ಲ" ಎಂದರು. ಆ ದಿನ ಕಳೆದದ್ದು ಹೇಗೆಂದು ನನಗೆ ಇಂದಿಗೂ ತಿಳಿಯದು. ಹೆಂಡತಿ ಒದ್ದೆ ಅರಿವೆಯಿಂದ ತುಟಿ ಒರೆಸಲು ಹೋದರೆ ಅವ್ವ ಮುಖ ತಿರುಗಿಸುತ್ತಿದ್ದಳು. ನಾನು ಒಮ್ಮೆ ಸಿಟ್ಟು ತಡೆಯಲಾರದೆ, "ಸಾಯಬೇಕಂತ ಮಾಡೀಯೇನು? ಸಾಯಿ ಹಂಗಾರ!" ಎಂದು ಚೀರಿದೆ. ಹೊರಗೆ ಹೋಗಿ ಕಟ್ಟೆಯ ಮೇಲೆ ಕೂತು, ನನ್ನ ಕೆನ್ನೆಗೆ ನಾನೇ ಹೊಡೆದುಕೊಂಡೆ.

ಮೂರನೆಯ ದಿನ ಬೆಳಿಗ್ಗೆ ಮೊದಲ ಮೋಟಾರಿಗೆ ಚೀಟಿ ಸಿಕ್ಕಿತು. ಹೊರಡುವಾಗ ಅವ್ವನ ದನಿ ಹೋಗಿತ್ತು. ಕಣ್ಣು ತೆರೆದು ನೋಡಿದಳು, ಅಷ್ಟೇ.

ಔರಾದದ ಕಾರಕೂನ ನನ್ನನ್ನು ಕಂಡು ಎದ್ದು ನಿಂತ, ತಪಾಸಣೆಗೆ ಬಂದೆನೆಂದು ತಿಳಿದು. ಕೆಂಪು ಅಂಚಿನ ಟಾವೆಲ್ಲಿನ ಗಂಟು ಎಲ್ಲಿ ಎಂದೆ. "ಅವತ್ತೇ ಕೊಟ್ಟ್‌ಬಿಟ್ಟೇನ್ರಿ" ಎಂದು ಹೆಮ್ಮೆಯಿಂದ ಹೇಳಿದ. "ಹೊತ್ತ್ ಮುಳಗೋದ್ರಾಗ ಕೊಟ್ಟೀನಿ. ನಮ್ಮ ಅಂಗಳಾ ಗುಡಿಸ್ತಾಳಲ್ರಿ, ಆ ಸಾಬರ ಹೆಣ್ಣಮಗಳಿಗಿ. ಗದ್ಲದಾಗ ಗಂಡನ್ನ ಕಳಕೊಂಡಾಳ, ಎರಡ್ ಮಕ್ಕಳು ಅವ."

"ಬಿಚ್ಚಿ ನೋಡಿದ್ರೇನು?"

"ಇಲ್ರಿ. ನೀವೇ ಬೈಸಿದ್ರಲ್ಲ."

ಗಂಟಿನಲ್ಲಿ ಏನಿತ್ತೆಂದು ಹೇಳಿದಾಗ ಅವನ ಕೈ ತನ್ನ ಕೊರಳಿಗೆ ಹೋಯಿತು. ಅವನೂ ಕೊರಳಲ್ಲಿ ಲಿಂಗ ಕಟ್ಟಿದವನೇ. ಗಂಟು ಕೊಟ್ಟ ಮರುದಿನದಿಂದ ಆ ಹೆಂಗಸು ಕೆಲಸಕ್ಕೆ ಬಂದಿಲ್ಲ ಎಂದ. ಇಬ್ಬರೂ ಓಡಿದೆವು. ಓಡುತ್ತಾ ನಾನು ಎಸೆದಿರುತ್ತಾಳೆ, ಕಲ್ಲೆಂದು ತಿಪ್ಪೆಗೆ ಎಸೆದಿರುತ್ತಾಳೆ ಎಂದು ಬಡಬಡಿಸುತ್ತಿದ್ದೆ. ಊರ ಹಿಂದೆ, ಕುರಿಹಟ್ಟಿಯ ಪಕ್ಕ, ಅರ್ಧ ಸುಟ್ಟ ತೊಲೆಯ ಒಂದು ಮನೆ. ಕಾರಕೂನ ಬಾಗಿಲು ಬಡಿದ. ಒಳಗೆ ಮಕ್ಕಳ ದನಿ ಗಪ್ಪೆಂದು ನಿಂತಿತು. ಎಷ್ಟು ಹೊತ್ತಾದರೂ ಯಾರೂ ತೆರೆಯಲಿಲ್ಲ.

"ನಾನವ್ವ, ಅಡ್ಡೆದಂವ" ಎಂದು ಅವನು ಕೂಗಿದ ಮೇಲೆ ಬಾಗಿಲು ಒಂದು ಗೇಣು ಸರಿಯಿತು. ಇಪ್ಪತ್ತೈದು ದಾಟಿರದ ಹೆಂಗಸು. ನನ್ನ ಕೋಟು ಟೋಪಿ ನೋಡಿದ್ದೇ ಕೈ ಮುಗಿದು ಹೊಸ್ತಿಲ ಮೇಲೆ ಕುಸಿದು ಕೂತಳು.

"ರೊಟ್ಟಿ ಮಕ್ಕಳು ತಿಂದಾವ್ರಿ ಸಾಹೇಬ್. ಎರಡ್ ದಿನ ಉಪಾಸ ಇದ್ವು, ತಿಂದಾವು. ಅದಕ್ಕ ಮಾತ್ರ ಕೈ ಹಚ್ಚಿಲ್ರಿ, ಖುದಾ ಕಸಮ್."

ಗೋಡೆಯ ಮೇಲಿನ ಗೂಡು ತೋರಿಸಿದಳು. ಮಕ್ಕಳ ಕೈಗೆ ಎಟುಕದಷ್ಟು ಎತ್ತರ. ಅಲ್ಲಿ ಅವ್ವನ ಟಾವೆಲ್ಲನ್ನು ಒಗೆದು, ಒಣಗಿಸಿ, ಮಡಿಸಿ ಇಟ್ಟಿದ್ದಳು. ಮಡಿಕೆಯೊಳಗೆ ಬಿಳಿ ಅರಿವೆ, ಅದರೊಳಗೆ ಲಿಂಗ. ನಾನು ಅದನ್ನು ಎರಡೂ ಕೈಯಲ್ಲಿ ಹಿಡಿದು ಎದೆಗೆ ಒತ್ತಿಕೊಂಡೆ. ದೇವರ ಬಗ್ಗೆ ನನಗೆ ಅಂಥ ದೊಡ್ಡ ಭಕ್ತಿ ಎಂದೂ ಇರಲಿಲ್ಲ, ಆ ಗಳಿಗೆಯಲ್ಲಿ ಇತ್ತು.

"ಯಾಕ ತಂದು ಕೊಡ್ಲಿಲ್ಲವ್ವ?" ಎಂದು ಕಾರಕೂನ ಕೇಳಿದ.

"ಹ್ಯಾಂಗ ತರ್ಲಿರಿ? ತಂದ್ರ ಕದ್ದಾಳ ಅಂತಾರ. ಇಟ್ಕೊಂಡ್ರ, ನಮ್ಮ ದೇವರ ಮುಟ್ಟ್ಯಾಳ ಅಂತಾರ. ಹೊರಗ ಹಾಕಿದ್ರ ಅದೂ ತಪ್ಪು. ನಾ ಏನ್ ಮಾಡ್ಲಿ ನೀವೇ ಹೇಳ್ರಿ." ಅಳು ಸೆರಗಿನಲ್ಲಿ ಒತ್ತಿ ಹಿಡಿದಳು.

ನಾನು ಏನು ಹೇಳಬೇಕಿತ್ತು? ಅಕ್ಕಾ, ನನ್ನ ತಾಯಿಯ ಜೀವ ಉಳಿಸಿದೆ ಎನ್ನಬೇಕಿತ್ತು. ಜೇಬಿನಲ್ಲಿದ್ದದ್ದನ್ನು ತೆಗೆದು ಮಕ್ಕಳ ಕೈಗೆ ಕೊಡಬೇಕಿತ್ತು. ಲಿಂಗ ಕೈಗೆ ಬಂದದ್ದೇ ತಡ, ನಾನು ಮತ್ತೆ ನಾನೇ ಆದೆ. ಅಡ್ಡೆಯ ಹೊರಗೆ ಸಿಕ್ಕ ಸಾಮಾನಿಗೆ, ಯಾರ ಹತ್ತಿರ ಸಿಕ್ಕಿತೋ ಅವರ ಸಹಿ ಬೇಕು, ಕಾಯ್ದೆ. ಕಾರಕೂನನನ್ನು ಓಡಿಸಿ ಅಡ್ಡೆಯಿಂದ ಕಾಗದ, ಮಸಿ ಡಬ್ಬಿ ತರಿಸಿದೆ. "ಬಿಡ್ರಿ ಸಾಹೇಬ್ರ, ಸಿಕ್ಕದಲ್ಲ, ಹೋಗಮು" ಎಂದ ಅವನು. ನಾನು ಕೇಳಲಿಲ್ಲ. ಹೊಸ್ತಿಲ ಮೇಲೇ ಕೂತು ಬರೆದೆ.

"ಇದ್ರಾಗ ಏನ್ ಬರ್ದದ್ರಿ?" ಎಂದು ಅವಳು ಕೇಳಿದಳು.

"ಏನಿಲ್ಲ. ಸಾಮಾನು ನಿಮ್ಮ ಮನ್ಯಾಗ ಸಿಕ್ತು ಅಂತ."

ಅವಳ ಹೆಬ್ಬೆರಳಿಗೆ ಮಸಿ ಹಚ್ಚಿದೆ. ನಾನೇ ಹಿಡಿದು ಒತ್ತಿಸಿದೆ. ಅಕ್ಷರ ಕಲೆಸದಂತೆ ಊದಿ, ಮಡಿಸಿ, ಜೇಬಿಗಿಟ್ಟುಕೊಂಡು ಮೋಟಾರಿಗೆ ಓಡಿದೆ.

ದೀಪ ಹಚ್ಚುವ ಹೊತ್ತಿಗೆ ಮನೆ ಮುಟ್ಟಿದೆ. ಅವ್ವನಿಗೆ ಕೈ ಚಾಚಲು ಬಲವಿರಲಿಲ್ಲ; ಹೆಂಡತಿ ಅವಳ ಅಂಗೈಯನ್ನು ತನ್ನ ಅಂಗೈ ಮೇಲೆ ಇಟ್ಟುಕೊಂಡಳು, ನಾನು ಲಿಂಗ ಇಟ್ಟೆ. ಅವ್ವ ಬಹಳ ಹೊತ್ತು ಅದನ್ನೇ ನೋಡಿದಳು. ಆಮೇಲೆ ಅದರ ಮೇಲೆ ಹನಿ ಹನಿ ನೀರು ಎರೆದು, ಆ ನೀರನ್ನೇ ಅವಳ ಬಾಯಿಗೆ ಬಿಟ್ಟೆವು. ಎರಡು ಗುಟುಕು. ನುಂಗಿದ್ದು ಗಂಟಲಲ್ಲಿ ಕಂಡಿತು. ಹೆಂಡತಿ ಹೋ ಎಂದು ಅತ್ತಳು.

ಮರುದಿನ ಅವ್ವ ದಿಂಬಿಗೆ ಆತು ಕೂತಳು, ದನಿ ಸ್ವಲ್ಪ ಬಂದಿತ್ತು. ನೀರು ಕುಡಿಯುತ್ತಿದ್ದಳು, ಇನ್ನೂ ಉಂಡಿರಲಿಲ್ಲ. ಯಾರ ಮನೆಯಲ್ಲಿ ಸಿಕ್ಕಿತು ಎಂದು ಕೇಳಿದಳು. ಎಲ್ಲ ಹೇಳಿದೆ, ಗೂಡು, ಒಗೆದ ಟಾವೆಲ್ಲು, ಮಕ್ಕಳು.

"ಆ ಹೆಣ್ಣಮಗಳಿಗಿ ಏನ್ ಕೊಟ್ಟ್ ಬಂದಿ?"

"ಏನೂ ಕೊಡ್ಲಿಲ್ಲವ್ವ. ಹೆಬ್ಬೆಟ್ಟು ತಗೊಂಡು ಬಂದೆ."

"ಏನ್ ತಗೊಂಡಿ?"

"ಹೆಬ್ಬೆಟ್ಟು. ಕಾಗದದ ಮ್ಯಾಲ."

ಅವ್ವ ನನ್ನನ್ನು ಯಾರೋ ಹೊರಗಿನವನನ್ನು ನೋಡುವಂತೆ ನೋಡಿದಳು. "ಥೂ ನಿನ್ನ! ಮೂರ್ ದಿನ ನನ್ನ ಜೀವ ಕಾದಾಕಿ ಕೈಗಿ ಮಸಿ ಹಚ್ಚಿ ಬಂದೆಲ್ಲೋ." ಹೆಂಡತಿಯನ್ನು ಕರೆದು ಸಜ್ಜೆ ಹಿಟ್ಟು ನಾದಲು ಹೇಳಿದಳು. "ನಾಳಿ ಹೋಗಿ ಕೊಟ್ಟ್ ಬಾ. ಹಸದ ಮಕ್ಕಳ ಬಾಯಿಗಿ ರೊಟ್ಟಿ ಬೀಳೋದು ಎಲ್ಲಾಕಿಂತ ದೊಡ್ಡದು. ಆಕಿ ಮನ್ಯಾಗ ಉಂಡ್ರಂತ ನೀ ಬಂದು ಹೇಳೋತನ ನಾ ತುತ್ತು ಮುಟ್ಟಂಗಿಲ್ಲ."

ಅವಳ ಬಾಯಿಂದ ಬಿತ್ತೆಂದರೆ ಮುಗಿಯಿತು. ಮರುದಿನ ರೊಟ್ಟಿ, ಶೇಂಗಾ ಹಿಂಡಿ, ಒಂದು ಹಳೆಯ ಸೀರೆ ಕಟ್ಟಿಕೊಂಡು ಮತ್ತೆ ಔರಾದಕ್ಕೆ ಹೋದೆ. ದಾರಿಯುದ್ದಕ್ಕೂ, ಅವಳಿಗೆ ಏನು ಹೇಳಬೇಕೆಂದು ಮನಸ್ಸಿನಲ್ಲಿ ಜೋಡಿಸಿಕೊಳ್ಳುತ್ತಿದ್ದೆ.

ಬಾಗಿಲು ತೆರೆದೇ ಇತ್ತು. ಒಳಗೆ ಒಲೆ, ಒಡೆದ ಒಂದು ಗಡಿಗೆ, ಅಷ್ಟೇ. ಪಕ್ಕದ ಕುರಿಹಟ್ಟಿಯಿಂದ ಒಬ್ಬ ಮುದುಕಿ ಬಂದು ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಮೊನ್ನಿ ಹೆಬ್ಬೆಟ್ಟು ಒತ್ತಿಸ್ಕೊಂಡು ಹ್ವಾದವ್ರು ನೀವೇ ಅಲ್ರಿ? ನೀವು ಹ್ವಾದ ಮ್ಯಾಲ ಅಕಿ ಇಲ್ಲೇ ಕೂತು ಭಾಳ ಅತ್ಲರಿ. ನಿನ್ನ ಮನ್ಯಾಗ ಸಿಕ್ತು ಅಂತ ಬರಕೊಂಡಾರ, ಇನ್ನ ಪೊಲೀಸರು ಬರ್ತಾರ, ಮಕ್ಕಳ ಗತಿ ಏನು ಅಂದ್ಲು. ಬೆಳಕ ಹರಿಯೋದ್ರಾಗ ಮಕ್ಕಳ ಕಟಗೊಂಡು ಹ್ವಾದಳು."

"ಎಲ್ಲಿಗಿ?"

"ಯಾರಿಗಿ ಹೇಳಿ ಹೋಗ್ತಾಳ್ರಿ?"

ಆ ಕಾಗದ ಇನ್ನೂ ನನ್ನ ಕೋಟಿನ ಜೇಬಿನಲ್ಲೇ ಇತ್ತು. ಕಿತಾಬಿಗೆ ಅಂಟಿಸಿರಲಿಲ್ಲ, ಯಾರಿಗೂ ತೋರಿಸಿರಲಿಲ್ಲ. ಅದು ಯಾರಿಗೂ ಬೇಕಾಗಿರಲಿಲ್ಲ. ಅಲ್ಲೇ ಹರಿದು ಹಾಕಿದೆ. ಗಂಟನ್ನು ಮುದುಕಿಗೆ ಕೊಟ್ಟು, ಅವಳು ತಿರುಗಿ ಬಂದರೆ ಕೊಡಿ ಎಂದೆ. "ರೊಟ್ಟಿ ಎಷ್ಟ್ ದಿನ ಕಾಯ್ತಾವ್ರಿ ಸಾಹೇಬ್?" ಎಂದಳು ಮುದುಕಿ. ಔರಾದ, ಸಂತಪುರ, ಅಲ್ಲಿಂದ ಗಡಿಯವರೆಗೆ ಹೋಗುವ ಮೋಟಾರುಗಳ ಕಂಡಕ್ಟರುಗಳನ್ನೆಲ್ಲ, ಎರಡು ಮಕ್ಕಳ ಅಂಥ ಹೆಂಗಸನ್ನು ಕಂಡಿರಾ ಎಂದು ಮುಂದೆ ಎಷ್ಟೋ ತಿಂಗಳು ಕೇಳಿದೆ. ಎರಡು ಮಕ್ಕಳ ಹೆಂಗಸರು ಆ ವರ್ಷ ಎಲ್ಲ ಮೋಟಾರುಗಳಲ್ಲೂ ಇದ್ದರು.

ಅವತ್ತು ಸಂಜೆ ಮನೆಗೆ ಬಂದಾಗ ಹೆಂಡತಿ ಅವ್ವನ ಮುಂದೆ ತಾಟು ಇಟ್ಟು ಕೂತಿದ್ದಳು. ಐದು ದಿನದಿಂದ ಅನ್ನ ಕಾಣದ ಜೀವ. ಕೆನ್ನೆಯ ಎಲುಬು ಕಾಣುತ್ತಿದ್ದವು.

"ಕೊಟ್ಟೇನು?" ಎಂದಳು ಅವ್ವ.

"ಕೊಟ್ಟೆ."

"ಏನಂದ್ಲು?"

"ನಿನ್ನ ಆರೋಗ್ಯ ಕೇಳಿದ್ಲು."

"ಮಕ್ಕಳು ಉಂಡ್ವೇನು? ನೀ ಕಣ್ಣಾರೆ ನೋಡಿದೇನು?"

ಹೆಂಡತಿ ನನ್ನ ಮುಖ ನೋಡುತ್ತಿದ್ದಳು. "ನೋಡಿದೆ ಅವ್ವ. ಹೊಟ್ಟಿ ತುಂಬ ಉಂಡ್ವು" ಎಂದೆ.

ಅವ್ವ ಲಿಂಗ ಕಣ್ಣಿಗೆ ಒತ್ತಿಕೊಂಡು, ರೊಟ್ಟಿ ಮುರಿದು ಬಾಯಿಗಿಟ್ಟುಕೊಂಡಳು.